ಅಪ್‌ಡೇಟ್: ರಾಯಚೂರಿನ ಬಿಸಿಲಿಗೆ ಹಗುರ ಫೌಂಡೇಶನ್ ಸಿಕ್ತು

ದಿನಾ ಆಫೀಸಿಗೆ ಹಚ್ಚಿಕೊಳ್ಳೋಕೆ, ಮೇಕಪ್ ಅಂತ ಗೊತ್ತಾಗದ ಲಿಕ್ವಿಡ್ ಫೌಂಡೇಶನ್ ಯಾವುದು ಅಂತ ಕೇಳಿದ್ದೆ. ಉತ್ತರ ಕೊಟ್ಟ ಅಕ್ಕಂದಿರಿಗೆಲ್ಲ ಥ್ಯಾಂಕ್ಸ್ ರೀ.

ಮೇಬಲಿನ್ ಫಿಟ್ ಮಿ ಮ್ಯಾಟ್ (ಹೊಳಪಿಲ್ಲದ್ದು), 310 ಸನ್ ಬೇಜ್ ಶೇಡ್ ತಗೊಂಡೆ. ಕೈಮೇಲೆ ಅಲ್ಲ, ದವಡೆ ಹತ್ರ ಹಚ್ಚಿ ಹೊರಗಿನ ಬೆಳಕಲ್ಲಿ ನೋಡು ಅಂದಿದ್ರಲ್ಲ, ಆ ಮಾತು ಬಹಳ ಉಪಯೋಗಕ್ಕೆ ಬಂತು. ಅಂಗಡಿ ಲೈಟಿನಲ್ಲಿ ಚಂದ ಕಂಡ ಇನ್ನೊಂದು ಶೇಡ್ ಬಿಸಿಲಿಗೆ ಬಂದ ಕೂಡಲೇ ಬೂದಿ ಬಳಿದಂಗಿತ್ತು! ಹಚ್ಚಿದ ಮೇಲೆ ಸ್ವಲ್ಪ ಹೊತ್ತು ಕಾದು ಶೇಡ್ ಆರಿಸಿ. ಗಾಳಿಗೆ ಬಣ್ಣ ಒಂಚೂರು ಗಾಢ ಆಗಬಹುದು.

ಈಗ ಸನ್‌ಸ್ಕ್ರೀನ್ ಆರಿದ ಮೇಲೆ ಎರಡೇ ಹನಿ, ಒದ್ದೆ ಸ್ಪಾಂಜಿನಿಂದ ಮೂಗಿನ ಸುತ್ತ, ಕೆನ್ನೆಯ ಕಲೆಗಷ್ಟೇ. ಇಡೀ ಮುಖಕ್ಕೆ ಬೇಕಿಲ್ಲ. 40 ಡಿಗ್ರಿ ದಾಟೋ ನಮ್ಮ ಬೇಸಿಗೇಲೂ ಗೆರೆ ಬೀಳಲಿಲ್ಲ. ಬೆವತರೆ ಉಜ್ಜಬೇಡಿ, ಟಿಶ್ಯೂ ಒತ್ತಿ ತೆಗೀರಿ. ಒಣ ಚರ್ಮದವರಿಗೆ ಮಾತ್ರ ಮ್ಯಾಟ್ ಬೇಡವೇ ಬೇಡ.