ಪಾಠದ ಪುಟದಲ್ಲಿ ಯೂಟ್ಯೂಬ್ ವಿಡಿಯೊ: ದೋಷ 153, ಕುಕಿ, ನಿಧಾನ

ಜಾಲಮಗ್ಗ:
ಪ್ರೌಢಶಾಲೆ ವಿಜ್ಞಾನದ ಪಾಠಗಳಿರುವ ವರ್ಡ್‌ಪ್ರೆಸ್ ಸೈಟ್. ಪುಟಕ್ಕೆ ಹತ್ತು ಹನ್ನೆರಡು ಯೂಟ್ಯೂಬ್ ವಿಡಿಯೊ, ಎಲ್ಲ ಬೇರೆಯವರ ಚಾನೆಲ್‌ನವು, ಲಿಂಕ್ ಅಂಟಿಸಿದ್ದಷ್ಟೇ. ಮೊಬೈಲ್‌ನಲ್ಲಿ ಪುಟ ತೆರೆಯುವಷ್ಟರಲ್ಲಿ ಸಾಕುಸಾಕಾಗುತ್ತದೆ. ಸೆಕ್ಯುರಿಟಿ ಪ್ಲಗಿನ್ ಹಾಕಿದಂದಿನಿಂದ ವಿಡಿಯೊ ಜಾಗದಲ್ಲಿ ‘ದೋಷ 153’ ಬೇರೆ. ಓದುವವರು ಮಕ್ಕಳಾದ್ದರಿಂದ ಕುಕಿ, ಜಾಹೀರಾತಿನ ಕಾಟವೂ ಕಡಿಮೆಯಾಗಬೇಕು. ಎಲ್ಲಿಂದ ಶುರು ಮಾಡಲಿ?

ಹೆಡರ್‌ಹುಳ:
153 ಪ್ಲಗಿನ್‌ನದೇ ಕೆಲಸ. ಅದು ರೆಫರರ್-ಪಾಲಿಸಿ ಹೆಡರನ್ನು (ಕರೆ ಯಾವ ಪುಟದಿಂದ ಬಂತು ಅಂತ ಬೇರೆ ಸೈಟ್‌ಗೆ ಎಷ್ಟು ತಿಳಿಸಬೇಕು ಅನ್ನುವ ಸೂಚನೆ) ‘ನೋ-ರೆಫರರ್’ ಅಥವಾ ‘ಸೇಮ್-ಆರಿಜಿನ್’ ಮಾಡಿರುತ್ತದೆ. ತನ್ನನ್ನು ಯಾವ ಸೈಟ್ ಕರೆಯುತ್ತಿದೆ ಅಂತ ಗೊತ್ತಾಗದಿದ್ದರೆ ಯೂಟ್ಯೂಬ್ ಪ್ಲೇಯರ್ ಈಗ ಓಡುವುದಿಲ್ಲ. ‘ಸ್ಟ್ರಿಕ್ಟ್-ಆರಿಜಿನ್-ವೆನ್-ಕ್ರಾಸ್-ಆರಿಜಿನ್’ ಅಂತ ಬದಲಿಸಿ. ಆಗ ಡೊಮೇನ್ ಹೆಸರು ಮಾತ್ರ ಹೋಗುತ್ತದೆ, ಪುಟದ ಪೂರ್ತಿ ವಿಳಾಸ ಹೋಗುವುದಿಲ್ಲ. ಪೂರ್ತಿ ಸೈಟಿನ ಹೆಡರ್ ಮುಟ್ಟುವುದು ಬೇಡವೆಂದರೆ ಐಫ್ರೇಮ್‌ಗಷ್ಟೇ (ನಿಮ್ಮ ಪುಟದೊಳಗೆ ಬೇರೆ ಪುಟ ತೋರಿಸುವ ಚೌಕಟ್ಟು) ರೆಫರರ್‌ಪಾಲಿಸಿ ಗುಣವಾಗಿ ಇದೇ ಬೆಲೆ ಕೊಟ್ಟರೂ ನಡೆಯುತ್ತದೆ. ಬದಲಿಸಿದ ಮೇಲೆ ಕ್ಯಾಶ್ (ಉಳಿಸಿಟ್ಟ ಹಳೇ ಪ್ರತಿ) ಖಾಲಿ ಮಾಡುವುದು ಮರೆಯಬೇಡಿ. ಅರ್ಧ ಜನ ಎಡವುವುದು ಅಲ್ಲೇ.

ಅಡಿಕೆಪುಡಿ:
ನಿಧಾನಕ್ಕೂ ಕುಕಿಗೂ ಮದ್ದು ಒಂದೇ: ಓದುಗರು ಒತ್ತುವ ತನಕ ಐಫ್ರೇಮನ್ನೇ ಹಾಕಬೇಡಿ. ಯಾರೂ ಪ್ಲೇ ಒತ್ತದಿದ್ದರೂ ಒಂದೊಂದು ಪ್ಲೇಯರ್ ನೂರಾರು ಕೆಬಿ ಸ್ಕ್ರಿಪ್ಟ್ ಎಳೆದುಕೊಳ್ಳುತ್ತದೆ. ಹನ್ನೆರಡಿದ್ದರೆ ಕೇಳುವುದೇ ಬೇಡ. ಐಫ್ರೇಮ್‌ಗೆ ‘ಲೋಡಿಂಗ್=ಲೇಜಿ’ ಕೊಟ್ಟರೆ ಪರದೆಯಿಂದ ದೂರವಿರುವವು ತಡವಾಗಿ ಬರುತ್ತವೆ, ಅಷ್ಟೆ; ಓದುತ್ತ ಕೆಳಗಿಳಿದರೆ ಎಲ್ಲವೂ ಬಂದೇ ಬರುತ್ತವೆ.

ಚಿತ್ರವಿರುವ ಒಂದು ಬಟನ್ ಇಡಿ. ಒತ್ತಿದಾಗ ಅದರ ಜಾಗದಲ್ಲಿ ಐಫ್ರೇಮ್ ಬರಲಿ, ವಿಳಾಸ ‘ಯೂಟ್ಯೂಬ್-ನೋಕುಕಿ’ ಡೊಮೇನಿನದಿರಲಿ, ಕೊನೆಗೆ ‘ಆಟೋಪ್ಲೇ=1’. ಪಾಲ್ ಐರಿಷ್ ಬರೆದ ‘ಲೈಟ್-ಯೂಟ್ಯೂಬ್-ಎಂಬೆಡ್’ ಅನ್ನುವ ಸಿದ್ಧ ಕೋಡ್ ಇದನ್ನೇ ಮಾಡುತ್ತದೆ. ಚಿತ್ರಕ್ಕೆ ಯೂಟ್ಯೂಬ್‌ನದೇ ‘ಎಚ್‌ಕ್ಯೂಡೀಫಾಲ್ಟ್’ ಥಂಬ್‌ನೇಲ್ (ವಿಡಿಯೊದ ಮುಖಚಿತ್ರ) ಬಳಸಿದರೆ ಅದು 480×360, ಅಂದರೆ 4:3. ಮೇಲೆ ಕೆಳಗೆ ಕಪ್ಪು ಪಟ್ಟಿ ಕಾಣುತ್ತದೆ. ಡಬ್ಬಕ್ಕೆ ‘ಆಸ್ಪೆಕ್ಟ್-ರೇಶಿಯೊ’ 16/9, ಚಿತ್ರಕ್ಕೆ ‘ಆಬ್ಜೆಕ್ಟ್-ಫಿಟ್: ಕವರ್’ ಕೊಟ್ಟರೆ ಪಟ್ಟಿ ಮಾಯ, ಪುಟ ಕುಣಿಯುವುದೂ ನಿಲ್ಲುತ್ತದೆ. ಐಫ್ರೇಮ್‌ಗೆ ‘ಟೈಟಲ್’ ಗುಣದಲ್ಲಿ ವಿಡಿಯೊದ ಹೆಸರು ಬರೆಯಿರಿ. ಇಲ್ಲದಿದ್ದರೆ ಸ್ಕ್ರೀನ್ ರೀಡರ್ ಬಳಸುವವರಿಗೆ ಹನ್ನೆರಡು ಸಲ ಬರೀ ‘ಫ್ರೇಮ್, ಫ್ರೇಮ್’ ಅಂತ ಕೇಳಿಸುತ್ತದೆ.

ಹೆಸರು ನೋಡಿ ಮೋಸ ಹೋಗಬೇಡಿ: ನೋಕುಕಿ ಡೊಮೇನ್ ಆದರೂ ಸಂಪರ್ಕ ಗೂಗಲ್‌ಗೇ, ಓದುಗರ ಐಪಿ ವಿಳಾಸ (ಅವರ ಇಂಟರ್ನೆಟ್ ಸಂಪರ್ಕದ ಗುರುತು) ಅಲ್ಲಿಗೆ ಹೋಗುತ್ತದೆ. ವಿಮಿಯೊ ಸೈಟಿನ ವಿಡಿಯೊ ಆದರೆ ವಿಳಾಸಕ್ಕೆ ‘ಡಿಎನ್‌ಟಿ=1’ (ಡು ನಾಟ್ ಟ್ರ್ಯಾಕ್, ಜಾಡು ಹಿಡಿಯಬೇಡ) ಸೇರಿಸಿ.

ಜಾಲಮಗ್ಗ:
153 ಹೋಯಿತು, ಧನ್ಯವಾದ. ಹನ್ನೆರಡರ ಜಾಗದಲ್ಲಿ ಬಟನ್ ಇಟ್ಟೆ. ಭದ್ರವಾಗಿರಲಿ ಅಂತ ಐಫ್ರೇಮ್‌ಗೆ ಖಾಲಿ ‘ಸ್ಯಾಂಡ್‌ಬಾಕ್ಸ್’ (ಒಳಗಿನ ಪುಟ ಏನೇನು ಮಾಡಬಹುದು ಅನ್ನುವುದಕ್ಕೆ ಕಟ್ಟುಪಾಡು) ಕೊಟ್ಟರೆ ಪ್ಲೇಯರೇ ಕಾಣಿಸುತ್ತಿಲ್ಲ. ಹಳೇ ಪೋಸ್ಟ್‌ಗಳಲ್ಲಿ ಮಾಮೂಲಿ ಯೂಟ್ಯೂಬ್ ವಿಳಾಸವೇ ಇದೆ. ನೂರಾರು ಪೋಸ್ಟ್, ಕೈಯಲ್ಲಿ ತಿದ್ದಲಾಗದು.

ಹೆಡರ್‌ಹುಳ:
ಖಾಲಿ ಸ್ಯಾಂಡ್‌ಬಾಕ್ಸ್ ಎಂದರೆ ಸ್ಕ್ರಿಪ್ಟ್ ಕೂಡ ಬಂದ್. ಬೇಕಾದವು: ‘ಅಲೋ-ಸ್ಕ್ರಿಪ್ಟ್ಸ್’, ‘ಅಲೋ-ಸೇಮ್-ಆರಿಜಿನ್’, ‘ಅಲೋ-ಪ್ರೆಸೆಂಟೇಶನ್’, ಜೊತೆಗೆ ‘ಅಲೋ-ಪಾಪಪ್ಸ್’. ಕೊನೆಯದು ಇಲ್ಲದಿದ್ದರೆ ‘ಯೂಟ್ಯೂಬ್‌ನಲ್ಲಿ ನೋಡಿ’ ಲಿಂಕ್ ಸತ್ತುಹೋಗುತ್ತದೆ. ‘ಅಲೋ-ಟಾಪ್-ನ್ಯಾವಿಗೇಶನ್’ ಮಾತ್ರ ಕೊಡಬೇಡಿ. ಅದಿದ್ದರೆ ಒಳಗಿನ ಪುಟ ನಿಮ್ಮ ಓದುಗರನ್ನು ಎಲ್ಲಿಗೆ ಬೇಕಾದರೂ ಎಳೆದೊಯ್ಯಬಹುದು. ಮೊದಲೆರಡು ಒಟ್ಟಿಗಿರುವುದು ಅಪಾಯ ಅನ್ನುವುದು ಐಫ್ರೇಮ್‌ನಲ್ಲಿರುವ ಪುಟ ನಿಮ್ಮದೇ ಡೊಮೇನ್‌ನದಾಗಿದ್ದರೆ. ಪೂರ್ಣಪರದೆಗೆ ಸ್ಯಾಂಡ್‌ಬಾಕ್ಸಲ್ಲ, ‘ಅಲೋ’ ಗುಣದಲ್ಲಿ ‘ಫುಲ್‌ಸ್ಕ್ರೀನ್’ ಬೇಕು.

ಹಳೇ ಪೋಸ್ಟ್‌ಗಳಿಗೆ ವರ್ಡ್‌ಪ್ರೆಸ್‌ನ ‘ಎಂಬೆಡ್_ಓಎಂಬೆಡ್_ಎಚ್‌ಟಿಎಂಎಲ್’ ಫಿಲ್ಟರ್ (ಎಂಬೆಡ್, ಅಂದರೆ ಪುಟದಲ್ಲಿ ಕೂರಿಸಿದ ವಿಡಿಯೊದ ಕೋಡನ್ನು ತಿದ್ದುವ ಕೊಂಡಿ) ಹಾಕಿ. ಕ್ಯಾಶ್‌ನಲ್ಲಿ ಕೂತ ಎಂಬೆಡ್ ಕೂಡ ಪುಟಕ್ಕೆ ಬರುವ ಮುಂಚೆ ಇದರ ಮೂಲಕವೇ ಹಾಯುತ್ತದೆ. ಅಲ್ಲೇ ಐಫ್ರೇಮ್ ಕಿತ್ತು ಬಟನ್ ಕೂರಿಸಿ.

ಸಿಎಸ್‌ಪಿ (ಕಂಟೆಂಟ್ ಸೆಕ್ಯುರಿಟಿ ಪಾಲಿಸಿ) ಹೆಡರ್‌ನ ‘ಫ್ರೇಮ್-ಎಸ್‌ಆರ್‌ಸಿ’ಯಲ್ಲಿ, ಅಂದರೆ ಯಾವ ಸೈಟ್‌ಗಳು ಐಫ್ರೇಮ್‌ನಲ್ಲಿ ಬರಬಹುದು ಅನ್ನುವ ಪಟ್ಟಿಯಲ್ಲಿ, ನಿಮಗೆ ಬೇಕಾದ ಡೊಮೇನ್‌ಗಳನ್ನಷ್ಟೇ ಬರೆಯಿರಿ. ಯಾಕೆ ಅಂದರೆ ವಿಡ್‌ಮಿ ಕಥೆ. 2017ರಲ್ಲಿ ಆ ವಿಡಿಯೊ ಸೇವೆ ಮುಚ್ಚಿತು. 2021ರಲ್ಲಿ ಅದರ ಡೊಮೇನ್ ಅಶ್ಲೀಲ ಸೈಟಿನವರ ಕೈಸೇರಿ, ವಾಷಿಂಗ್ಟನ್ ಪೋಸ್ಟ್, ಹಫ್‌ಪೋಸ್ಟ್‌ನಂಥವರ ಹಳೇ ಸುದ್ದಿಗಳ ನಡುವೆ ಅಶ್ಲೀಲ ವಿಡಿಯೊ ಕಾಣಿಸಿಕೊಂಡಿತು. ಸುದ್ದಿಯಲ್ಲಿ ಯಾರೂ ಒಂದಕ್ಷರ ಬದಲಿಸಿರಲಿಲ್ಲ. ಸೇವೆ ಮುಚ್ಚಿದ ದಿನವೇ ಅದರ ಹೆಸರನ್ನು ಪಟ್ಟಿಯಿಂದ ತೆಗೆಯಿರಿ.

ಕಲಂಕಾರ:
ಅಡಿಕೆಪುಡಿ ಹೇಳಿದ್ದಕ್ಕೆ ಒಂದು ತಕರಾರು. ಥಂಬ್‌ನೇಲ್ ಯೂಟ್ಯೂಬ್ ಸರ್ವರ್‌ನಿಂದಲೇ ಬಂದರೆ, ಒತ್ತುವ ಮುಂಚೆಯೇ ಐಪಿ ಹೋಯಿತಲ್ಲ! ಹಾಗಂತ ಇಳಿಸಿಕೊಂಡು ನಿಮ್ಮ ಸರ್ವರ್‌ನಲ್ಲಿಟ್ಟರೆ ಅದು ಎಂಬೆಡ್ ಅಲ್ಲ, ನಕಲು; ಚಾನೆಲ್‌ನವರನ್ನು ಕೇಳಿಯೇ ಮಾಡಬೇಕು. ಮಕ್ಕಳ ಪುಟಕ್ಕೆ ಶೀರ್ಷಿಕೆ, ಅವಧಿ ಬರೆದ ಬಣ್ಣದ ಡಬ್ಬವೇ ಸಾಕು ಅನ್ನುತ್ತೇನೆ ನಾನು. ‘ಒತ್ತಿದರೆ ಯೂಟ್ಯೂಬ್‌ಗೆ ಸಂಪರ್ಕವಾಗುತ್ತದೆ’ ಅಂತ ಅದರಲ್ಲೇ ಒಂದು ಸಾಲು ಇರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಜಾಡು ಹಿಡಿಯುವುದಕ್ಕೆ 9ನೇ ಕಲಂ ತಡೆ ಹಾಕುತ್ತದೆ.

ದೋಷ 101 ಅಥವಾ 150 ಬಂದರೆ ಒಡೆಯರೇ ಎಂಬೆಡ್ ಬೇಡವೆಂದಿದ್ದಾರೆ ಅಂತ ಅರ್ಥ. ಅಡ್ಡದಾರಿ ಹುಡುಕದೆ ಲಿಂಕ್ ಕೊಟ್ಟು ಬಿಡಿ. 100 ಬಂದರೆ ವಿಡಿಯೊ ಅಳಿಸಿದೆ ಅಥವಾ ಖಾಸಗಿಯಾಗಿದೆ.

ಅಡಿಕೆಪುಡಿ:
ಒಪ್ಪಿದೆ, ಡಬ್ಬವೇ ಮೇಲು. ಅದು 200×200 ಪಿಕ್ಸೆಲ್‌ಗಿಂತ ಚಿಕ್ಕದಾಗದಿರಲಿ, ಪ್ಲೇಯರ್‌ಗೆ ಯೂಟ್ಯೂಬ್ ಇಟ್ಟ ಕನಿಷ್ಠ ಅಳತೆ ಅದು. ಐಫೋನ್‌ನಲ್ಲಿ ಎರಡು ಸಲ ಒತ್ತಬೇಕಾಗಿ ಬಂದರೆ ಗಾಬರಿ ಬೇಡ, ಸಫಾರಿ ಆಟೋಪ್ಲೇ ತಡೆದಿರುತ್ತದೆ.