ಓಪನ್ ಸೋರ್ಸ್ ಇಸಿಯು ರೇಸಿನಲ್ಲಿ ಹೆಸರು ಮಾಡಬೇಕು: ಬಹುಮಾನ ಯಾವುದಕ್ಕೆ ಇಡೋಣ?

ಕೇಳಿದವರು

ಸ್ಪೀಡುಯಿನೊ, ರಸ್‌ಇಎಫ್‌ಐ ಥರದ್ದೇ ಒಂದು ಓಪನ್ ಸೋರ್ಸ್ ಇಸಿಯು (ಎಂಜಿನ್ನಿನ ಪೆಟ್ರೋಲ್, ಕಿಡಿ ಎರಡನ್ನೂ ನಡೆಸುವ ಕಂಪ್ಯೂಟರ್) ಬೋರ್ಡ್ ರೆಡಿ ಇದೆ. ಸ್ಟ್ಯಾಂಡಿನ ಮೇಲೆ ನಾಲ್ಕು ಸಿಲಿಂಡರ್ ಎಂಜಿನ್ ತಕರಾರಿಲ್ಲದೆ ಓಡುತ್ತಿದೆ. ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ, ಕಡಿಮೆ ಖರ್ಚಿನ ಎಂಡ್ಯೂರೆನ್ಸ್ ರೇಸಿನಲ್ಲೋ ವಿದ್ಯಾರ್ಥಿಗಳ ಫಾರ್ಮುಲಾ ಸ್ಪರ್ಧೆಯಲ್ಲೋ ‘ಈ ಬೋರ್ಡ್ ಹಾಕಿ ಗೆದ್ದವರಿಗೆ ಬಹುಮಾನ’ ಎಂದು ಘೋಷಿಸುವ ಯೋಚನೆ ಇದೆ. ಹಂಚಲು ಆರು ಬೋರ್ಡ್ ಇವೆ, ದುಡ್ಡು ಅಷ್ಟಕ್ಕಷ್ಟೆ. ಬಹುಮಾನ ಹೇಗಿಡಬೇಕು, ತಂಡಗಳಿಗೆ ಏನೇನು ಕೊಡಬೇಕು, ಎಲ್ಲಿ ಕೈಕೊಡುತ್ತದೆ? ಬಲ್ಲವರು ಬಿಡಿಸಿ ಹೇಳಿ.

ರೇಸಿನ ನಿಯಮ ಬಲ್ಲವರು

ಮೊದಲು ‘ಗೆದ್ದವರಿಗೆ’ ಅನ್ನೋ ಮಾತು ಹೊಡೆದುಹಾಕಿ. ಕಾರು ಗೆದ್ದರೆ ಹೆಸರು ಡ್ರೈವರಿಗೆ, ಟೈರಿಗೆ, ಪಿಟ್ಟಿನಲ್ಲಿ ಪೆಟ್ರೋಲ್ ತುಂಬಿದವರಿಗೆ ಹೋಗುತ್ತದೆ. ನಿಂತರೆ ಮಾತ್ರ ಬಾನೆಟ್ ಎತ್ತುವ ಮೊದಲೇ ‘ಆ ಮನೇಲಿ ಮಾಡಿದ ಇಸಿಯು ಕೈಕೊಡ್ತು’ ಅಂತಾರೆ. ಹಾಗಾಗಿ ಬಹುಮಾನ ಇಡಬೇಕಾದ್ದು ಎರಡಕ್ಕೆ: ರೇಸ್ ಮುಗಿಸಿದ್ದಕ್ಕೆ, ಮತ್ತು ಮುಗಿಸಿದ್ದರ ಲೆಕ್ಕ ಎಲ್ಲರ ಮುಂದಿಟ್ಟಿದ್ದಕ್ಕೆ. ಲೆಕ್ಕ ಅಂದರೆ ಟ್ಯೂನ್ ಫೈಲ್ (ಇಸಿಯುವಿನ ಸೆಟ್ಟಿಂಗುಗಳು), ಪೂರ್ತಿ ರೇಸಿನ ಲಾಗ್ (ಸೆನ್ಸರ್ ರೀಡಿಂಗುಗಳ ದಾಖಲೆ), ವೈರಿಂಗ್ ಚಿತ್ರ, ಫರ್ಮ್‌ವೇರ್ (ಬೋರ್ಡಿನೊಳಗಿನ ಸಾಫ್ಟ್‌ವೇರ್) ಆವೃತ್ತಿಯ ನಂಬರ್.

ಅಮೆರಿಕದಲ್ಲಿ 2006ರಲ್ಲಿ ಶುರುವಾದ ‘24 ಅವರ್ಸ್ ಆಫ್ ಲೆಮನ್ಸ್’ ನೋಡಿ. 500 ಡಾಲರ್ ಮಿತಿಯೊಳಗಿನ ಕಾರುಗಳ ರೇಸ್ ಅದು. ಅಲ್ಲಿ ಎಲ್ಲಕ್ಕಿಂತ ದೊಡ್ಡ ಮರ್ಯಾದೆ ಮೊದಲು ಬಂದವರಿಗಲ್ಲ, ಓಡಲಾರದ ಕಾರನ್ನು ಓಡಿಸಿ ತೋರಿಸಿದವರಿಗೆ. ನಿಮ್ಮಂಥ ಪ್ರಾಜೆಕ್ಟಿಗೆ ಈ ಜಾತಿಯ ರೇಸೇ ಸರಿಯಾದ ಜಾಗ. ಆದರೆ ಮಿತಿಯ ಲೆಕ್ಕದಲ್ಲಿ ಒಂದು ಗುಂಡಿ ಇದೆ. ಸುರಕ್ಷತಾ ಸಾಮಾನು ಮಿತಿಗೆ ಸೇರುವುದಿಲ್ಲ, ಇಸಿಯು ಸುರಕ್ಷತಾ ಸಾಮಾನಲ್ಲ. ‘ಪುಕ್ಕಟೆ ಸಿಕ್ಕಿದ್ದು’ ಅಂದರೆ ತಪಾಸಣೆಯವರು ಸೊನ್ನೆ ಬರೆದುಕೊಳ್ಳುತ್ತಾರೆ ಅಂತ ನಂಬಬೇಡಿ. ಬೋರ್ಡನ್ನು ಎಷ್ಟಕ್ಕೆ ಹಿಡಿಯುತ್ತಾರೆ ಅಂತ ಸಂಘಟಕರ ಹತ್ತಿರ ಬರಹದಲ್ಲಿ ತೆಗೆದುಕೊಂಡು, ಬೋರ್ಡಿನ ಜೊತೆಗೇ ತಂಡಕ್ಕೆ ಕೊಡಿ. ಸ್ಟಿಕ್ಕರ್ ಅಂಟಿಸಲು, ವಿಶೇಷ ಬಹುಮಾನ ಘೋಷಿಸಲು ಬೇಕಾದ ಒಪ್ಪಿಗೆಯನ್ನೂ ಅದೇ ಪತ್ರದಲ್ಲಿ ಮುಗಿಸಿಕೊಳ್ಳಿ.

ವಿದ್ಯಾರ್ಥಿಗಳ ಸ್ಪರ್ಧೆ ಫಾರ್ಮುಲಾ ಎಸ್‌ಎಇ ಕಥೆ ಬೇರೆ. ಒಟ್ಟು 1000 ಅಂಕದಲ್ಲಿ ಡಿಸೈನಿಗೆ 150, ಎಂಡ್ಯೂರೆನ್ಸಿಗೆ 275, ಇಂಧನ ಉಳಿತಾಯಕ್ಕೆ 100. ‘ಇಸಿಯುವಿನ ಈ ಟೇಬಲ್ (ಅಂಕಿಪಟ್ಟಿ) ಯಾಕೆ ಹೀಗಿದೆ’ ಅಂತ ಜಡ್ಜ್ ಕೇಳಿದಾಗ ಸೋರ್ಸ್ ಕೋಡ್ ತೆರೆದು ತೋರಿಸುವ ತಂಡಕ್ಕೆ ಮುಚ್ಚಿದ ಡಬ್ಬಿಯವರಿಗಿಂತ ಒಂದು ಕೈ ಮೇಲು. ಆ ಮಕ್ಕಳಿಗೆ ಹೇಳಬೇಕಾದ್ದು ಇಷ್ಟೇ, ಅಶ್ವಶಕ್ತಿಯ ಪುರಾಣ ಬೇಡ. ಗಾಳಿ ಒಳಬರುವ ದಾರಿಯನ್ನೇ ಕಿರಿದು ಮಾಡುವ 20 ಮಿ.ಮೀ. ರೆಸ್ಟ್ರಿಕ್ಟರ್ ಇರುವ ಕಡೆ ಅದು ನಡೆಯುವುದೂ ಇಲ್ಲ.

ಕೇಳಿದವರು

ಹಾಗಾದರೆ ಆರು ತಂಡಕ್ಕೆ ಆರು ಬೋರ್ಡ್ ಕೊಟ್ಟುಬಿಡೋಣವೇ?

ರೇಸಿನ ನಿಯಮ ಬಲ್ಲವರು

ಬೇಡ. ನಾಲ್ಕು ತಂಡ ಸಾಕು. ಉಳಿದ ಎರಡು ಬೋರ್ಡ್ ಪಿಟ್ಟಿನಲ್ಲಿ ಸ್ಪೇರ್ ಇರಲಿ, ಪ್ರತಿ ತಂಡದ ಟ್ಯೂನ್ ಫೈಲೂ ಅಲ್ಲಿನ ಒಂದು ಲ್ಯಾಪ್‌ಟಾಪಿನಲ್ಲಿ ಇರಲಿ. ಸ್ಪೇರ್ ಹಾಕಿದ ಮೇಲೂ ಅದೇ ತೊಂದರೆ ಬಂದರೆ ಬೋರ್ಡ್ ನಿರಪರಾಧಿ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ವಾದ ಮಾಡಿ ಗೆಲ್ಲುವುದಕ್ಕಿಂತ ಇದು ಸುಲಭ.

ವೈರಿಂಗ್ ಕೆಲಸದವರು

ಬೋರ್ಡ್ ಸುಡುವುದು ಅಪರೂಪ ಸರ್. ಕಾರು ನಿಲ್ಲುವುದು ಕ್ರ್ಯಾಂಕ್ ಸೆನ್ಸರಿನಿಂದ (ಎಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವುದು), ಅರ್ತಿನಿಂದ, ಲೂಸ್ ಕಾಂಟ್ಯಾಕ್ಟಿನಿಂದ. ಬರೀ ಬೋರ್ಡ್ ಕೊಟ್ಟು ಕೈತೊಳೆದುಕೊಂಡರೆ ಪ್ರತಿಯೊಂದು ತಂಡವೂ ತನ್ನದೇ ತಪ್ಪನ್ನು ಹೊಸದಾಗಿ ಕಂಡುಹಿಡಿಯುತ್ತದೆ. ಬೋರ್ಡಿನ ಜೊತೆ ತುದಿಗೆ ಕನೆಕ್ಟರ್ ಕ್ರಿಂಪ್ ಮಾಡಿ, ಪ್ರತಿ ತಂತಿಗೂ ಹೆಸರಿನ ಚೀಟಿ ಹಾಕಿದ ಹಾರ್ನೆಸ್ (ತಂತಿಗಳ ಕಟ್ಟು) ಕೊಡಿ. ಸಾಧ್ಯವಾಗದಿದ್ದರೆ ಕ್ರ್ಯಾಂಕ್ ಸೆನ್ಸರ್ ಕೇಬಲ್ ಒಂದನ್ನಾದರೂ ಮಾಡಿಕೊಡಿ.

ಎರಡು ತಂತಿಯ ವಿಆರ್ ಜಾತಿಯ ಕ್ರ್ಯಾಂಕ್ ಸೆನ್ಸರ್ (ತಿರುಗುವ ಹಲ್ಲಿನಿಂದ ತಾನೇ ವೋಲ್ಟೇಜ್ ಹುಟ್ಟಿಸುವುದು) ಸೆಲ್ಫ್ ಹೊಡೆಯುವಾಗ ಒಂದು ವೋಲ್ಟಿಗೂ ಕಡಿಮೆ ಕೊಡುತ್ತದೆ, ಎಂಜಿನ್ ಏರಿದಾಗ ಹತ್ತಾರು ವೋಲ್ಟ್. ಕ್ರ್ಯಾಂಕಿನ ಚಕ್ರದ ಹಲ್ಲಿಗೂ ಸೆನ್ಸರಿಗೂ ನಡುವೆ ಸುಮಾರು 1 ಮಿ.ಮೀ. ಸಂದು ಇರಲಿ. ಎರಡು ತಂತಿಯನ್ನೂ ಒಂದಕ್ಕೊಂದು ಹೆಣೆದು, ಮೇಲೆ ಶೀಲ್ಡ್ ಇರುವ ಕೇಬಲ್ಲೇ ಬೇಕು. ಶೀಲ್ಡನ್ನು ಇಸಿಯು ಕಡೆ ಮಾತ್ರ ಅರ್ತ್ ಮಾಡಿ, ಎಂಜಿನ್ ಕಡೆ ಕತ್ತರಿಸಿ ಟೇಪ್ ಸುತ್ತಿ. ಎರಡೂ ಕಡೆ ಅರ್ತ್ ಮಾಡಿದರೆ ಅದೇ ಶೀಲ್ಡಿನಲ್ಲಿ ಕರೆಂಟ್ ಹರಿದು ಸಿಗ್ನಲ್ ಕೆಡುತ್ತದೆ. ಇಗ್ನಿಷನ್ ಕಾಯಿಲ್ ತಂತಿಗಳ ಪಕ್ಕದಲ್ಲೇ ಈ ಕೇಬಲ್ ಎಳೆಯಲೇಬೇಡಿ.

ತುಂಬಾ ಜನ ಎಡವುವುದು ವಿಆರ್ ತಂತಿ ಅದಲುಬದಲಾದಾಗ. ಆಗಲೂ ಎಂಜಿನ್ ಸ್ಟಾರ್ಟ್ ಆಗುತ್ತದೆ, ಐಡಲ್ ಕೂಡ ಚೆನ್ನಾಗಿರುತ್ತದೆ. ತೊಂದರೆ ಬರುವುದು 4000 ಆರ್‌ಪಿಎಂ ದಾಟಿದ ಮೇಲೆ, ಟೈಮಿಂಗ್ ಜಾರುತ್ತದೆ, ಆಮೇಲೆ ಸಿಂಕ್ (ಇಸಿಯು ಇಡುವ ಹಲ್ಲಿನ ಲೆಕ್ಕ) ತಪ್ಪುತ್ತದೆ. ಪತ್ತೆ ಮಾಡುವ ಕ್ರಮ ಹೀಗೆ: ಇಗ್ನಿಷನ್ ಟೈಮಿಂಗನ್ನು ಟಿಡಿಸಿಗಿಂತ (ಪಿಸ್ಟನ್ ತುತ್ತತುದಿ ಮುಟ್ಟುವ ಜಾಗ) 10 ಡಿಗ್ರಿ ಮೊದಲಿಗೆ ಲಾಕ್ ಮಾಡಿ, ಕ್ರ್ಯಾಂಕ್ ಪುಲ್ಲಿಯ ಗುರುತಿಗೆ ಟೈಮಿಂಗ್ ಲೈಟ್ ಹಿಡಿಯಿರಿ. 1000 ಆರ್‌ಪಿಎಂನಲ್ಲಿ ಗುರುತು ಎಲ್ಲಿದೆಯೋ 4000ದಲ್ಲೂ ಅಲ್ಲೇ ನಿಲ್ಲಬೇಕು. ಎರಡು ಮೂರು ಡಿಗ್ರಿ ಸರಿದರೆ ಎರಡು ತಂತಿ ಅದಲುಬದಲು ಮಾಡಿ ಮತ್ತೆ ನೋಡಿ. ಹಾಲ್ ಸೆನ್ಸರ್ (ಆನ್-ಆಫ್ ಸಿಗ್ನಲ್ ಕೊಡುವ ಇನ್ನೊಂದು ಜಾತಿ) ಆದರೆ ತಂತಿಗೆ ಕೈಹಾಕಬೇಡಿ, ಸಾಫ್ಟ್‌ವೇರಿನಲ್ಲಿ ಏರುವ ಅಂಚೋ ಇಳಿಯುವ ಅಂಚೋ ಅನ್ನೋ ಸೆಟ್ಟಿಂಗ್ ಬದಲಿಸಿ. 6000 ಆರ್‌ಪಿಎಂನಲ್ಲಿ ಒಂದು ಡಿಗ್ರಿ ಅಂದರೆ 28 ಮೈಕ್ರೊ ಸೆಕೆಂಡ್ ಮಾತ್ರ, ‘ಸ್ವಲ್ಪ ಆಚೀಚೆ’ ಅನ್ನೋದು ಇಲ್ಲಿ ನಡೆಯಲ್ಲ.

ಅರ್ತಿನ ವಿಷಯ: ಸೆನ್ಸರುಗಳ ಅರ್ತ್ ಇಸಿಯುಗೆ ಮಾತ್ರ ಹೋಗಬೇಕು. ಇಸಿಯುವಿನ ಪವರ್ ಅರ್ತ್ ಎಂಜಿನ್ ಬ್ಲಾಕಿನ ಒಂದೇ ಬೋಲ್ಟಿಗೆ ಬರಬೇಕು, ಬೋಲ್ಟಿನ ಕೆಳಗಿನ ಪೇಂಟ್ ಕೆರೆದಿರಬೇಕು. ಟೆಂಪರೇಚರ್ ಸೆನ್ಸರನ್ನು ಕಾರಿನ ಬಾಡಿಯ ಲೋಹಕ್ಕೆ ಅರ್ತ್ ಮಾಡಿದರೆ ಫ್ಯಾನ್ ಆನ್ ಆದಾಗಲೆಲ್ಲ ರೀಡಿಂಗ್ ಜಿಗಿಯುತ್ತದೆ. ಇಂಜೆಕ್ಟರಿಗೆ, ಕಾಯಿಲಿಗೆ, ಪಂಪಿಗೆ, ಇಸಿಯುಗೆ ಬೇರೆ ಬೇರೆ ಫ್ಯೂಸ್ ಹಾಕಿ.

ಫರ್ಮ್‌ವೇರ್ ಹಾಕುವಾಗ ಕಾಯಿಲ್ ಫ್ಯೂಸ್ ಕಿತ್ತಿಟ್ಟಿರಬೇಕು, ಇದನ್ನು ಬೋರ್ಡಿನ ಡಬ್ಬಿಯ ಮೇಲೆ ಕೆಂಪಕ್ಷರದಲ್ಲಿ ಬರೆಯಿರಿ. ಇಗ್ನಿಷನ್ ಔಟ್‌ಪುಟ್ ಉಲ್ಟಾ ಸೆಟ್ ಆಗಿದ್ದರೆ ಕಾಯಿಲ್ 3 ಮಿಲಿ ಸೆಕೆಂಡ್ ಚಾರ್ಜ್ ಆಗುವ ಬದಲು ಮಿಕ್ಕೆಲ್ಲ ಹೊತ್ತೂ ಚಾರ್ಜ್ ಆಗುತ್ತಿರುತ್ತದೆ. ಸುಟ್ಟ ಪ್ಲಾಸ್ಟಿಕ್ ವಾಸನೆ ಮೂಗಿಗೆ ಬರುವ ಹೊತ್ತಿಗೆ ಕಾಯಿಲ್ ಹೋಗಿರುತ್ತದೆ. ಫ್ಯೂಸ್ ಹಾಕುವ ಮೊದಲು ಔಟ್‌ಪುಟ್ಟಿಗೆ ಎಲ್‌ಇಡಿ ಕಟ್ಟಿ ನೋಡಿದರೆ ಉಲ್ಟಾ ಇದ್ದದ್ದು ತಕ್ಷಣ ಕಾಣುತ್ತದೆ.

ರೇಸಿನ ನಿಯಮ ಬಲ್ಲವರು

ಕಿಲ್ ಸ್ವಿಚ್ (ಅಪಾಯವಾದಾಗ ಕಾರಿನ ಕರೆಂಟ್ ಕತ್ತರಿಸುವುದು) ವಿಷಯ ಹೇಳದೆ ಬಿಟ್ಟಿರಿ. ತಪಾಸಣೆಯಲ್ಲಿ ಸ್ವಿಚ್ ಆಫ್ ಮಾಡಿದ ತಕ್ಷಣ ಓಡುತ್ತಿರುವ ಎಂಜಿನ್ ನಿಲ್ಲಬೇಕು. ಬ್ಯಾಟರಿ ಒಂದನ್ನೇ ಕತ್ತರಿಸಿದರೆ ಆಲ್ಟರ್ನೇಟರ್ ಇಸಿಯುಗೆ ಕರೆಂಟ್ ಕೊಡುತ್ತಲೇ ಇರುತ್ತದೆ, ಎಂಜಿನ್ ನಿಲ್ಲಲ್ಲ. ಸಾಲದ್ದಕ್ಕೆ ಬ್ಯಾಟರಿ ಇಲ್ಲದ ಲೈನಿನಲ್ಲಿ ವೋಲ್ಟೇಜ್ ಮೇಲಕ್ಕೆ ಜಿಗಿಯುತ್ತದೆ, ಬೋರ್ಡ್ ನಿಜವಾಗಿ ಸುಡುವುದು ಆಗಲೇ. ಬ್ಯಾಟರಿಯನ್ನೂ ಇಸಿಯುವಿನ ಇಗ್ನಿಷನ್ ಸಪ್ಲೈಯನ್ನೂ ಒಟ್ಟಿಗೆ ಕತ್ತರಿಸುವ, ಆಲ್ಟರ್ನೇಟರಿಗೆ ರೆಸಿಸ್ಟರ್ ಇರುವ ರೇಸ್ ಸ್ವಿಚ್ಚನ್ನೇ ಹಾಕಿಸಿ.

ವೈರಿಂಗ್ ಕೆಲಸದವರು

ಒಪ್ಪಿದೆ. ಅದಕ್ಕೇ ಬೋರ್ಡಿನ ಒಳಗೆ ಸಪ್ಲೈ ಮೇಲೆ ಟಿವಿಎಸ್ ಡಯೋಡ್ (ವೋಲ್ಟೇಜ್ ಜಿಗಿತ ತಡೆಯುವುದು) ಇದೆಯಾ ಅಂತ ಇವರು ಮೊದಲು ನೋಡಿಕೊಳ್ಳಲಿ.

ಟ್ಯೂನಿಂಗ್ ಮಾಡುವವರು

ಸ್ಟ್ಯಾಂಡಿನ ಮೇಲೆ ಓಡಿದ್ದು ರೇಸಿಗೆ ಪ್ರಮಾಣವಲ್ಲ. ಸ್ಟ್ಯಾಂಡಿನಲ್ಲಿ ವೋಲ್ಟೇಜ್ ಇಳಿಯಲ್ಲ, ಬಾನೆಟ್ ಒಳಗಿನ ಬಿಸಿ ಇಲ್ಲ, ಅಲುಗಾಟ ಇಲ್ಲ. ತಂಡಗಳ ಕೈಯಲ್ಲಿ ಮುಖ್ಯವಾಗಿ ಎರಡು ಟೇಬಲ್ ಸರಿಮಾಡಿಸಿ.

ಒಂದು, ಇಂಜೆಕ್ಟರ್ ಡೆಡ್ ಟೈಮ್. ಇಂಜೆಕ್ಟರ್ ತೆರೆಯಲು ಹಿಡಿಯುವ ಹೊತ್ತು ವೋಲ್ಟೇಜ್ ಇಳಿದಂತೆ ಹೆಚ್ಚುತ್ತದೆ. 14 ವೋಲ್ಟಿನಲ್ಲಿ 1.0 ಮಿಲಿ ಸೆಕೆಂಡ್ ಇದ್ದದ್ದು, ರಾತ್ರಿ ಲೈಟು, ಫ್ಯಾನು ಎಲ್ಲ ಹಾಕಿ 12ರ ಕೆಳಗೆ ಬಂದಾಗ 1.3 ಆಯಿತು ಅಂದುಕೊಳ್ಳಿ. ಟೇಬಲ್ ತುಂಬ ಒಂದೇ ನಂಬರ್ ಬರೆದಿದ್ದರೆ, ಒಟ್ಟು 3 ಮಿಲಿ ಸೆಕೆಂಡ್ ಪಲ್ಸಿನಲ್ಲಿ ನಿಜವಾಗಿ ಪೆಟ್ರೋಲ್ ಬೀಳುವ ಹೊತ್ತು 2.0 ಬದಲು 1.7, ಅಂದರೆ 15 ಶೇಕಡಾ ಲೀನ್ (ಪೆಟ್ರೋಲ್ ಕಡಿಮೆ). ಫುಲ್ ಥ್ರಾಟಲಿನ 10 ಮಿಲಿ ಸೆಕೆಂಡಿನಲ್ಲಿ ಅದೇ ತಪ್ಪು 3 ಶೇಕಡಾ ಚಿಲ್ಲರೆ. ಆದ್ದರಿಂದಲೇ ಇಂಥ ಕಾರು ಜೋರಾಗಿ ಓಡುವಾಗ ಸರಿ ಇದ್ದು, ಹಳದಿ ಬಾವುಟದಲ್ಲಿ ನಿಧಾನಕ್ಕೆ ಹೋಗುವಾಗ ಮಿಸ್ ಹೊಡೆಯುತ್ತದೆ. ತಂಡದವರು ಪ್ಲಗ್ ಬದಲಿಸುತ್ತಾ ಕೂರುತ್ತಾರೆ. ನಿಮ್ಮ ಬೇಸ್ ಮ್ಯಾಪಿನಲ್ಲೇ (ಶುರುವಿಗೆ ಕೊಡುವ ಟ್ಯೂನ್) 10ರಿಂದ 15 ವೋಲ್ಟ್‌ವರೆಗಿನ ಅಂಕಿ ತುಂಬಿ ಕೊಡಿ.

ಎರಡು, ಬಿಸಿ ಎಂಜಿನ್ ಸ್ಟಾರ್ಟ್. ಫಾರ್ಮುಲಾ ಎಂಡ್ಯೂರೆನ್ಸ್ ಸುಮಾರು 22 ಕಿ.ಮೀ., ನಡುವೆ ಡ್ರೈವರ್ ಬದಲಾಗಬೇಕು, ಎಂಜಿನ್ ಆರಿಸಿ ಮತ್ತೆ ಹೊತ್ತಿಸಬೇಕು. ನಿಂತ ಮೂರು ನಿಮಿಷದಲ್ಲಿ ಇನ್‌ಟೇಕಿನ ಏರ್ ಟೆಂಪರೇಚರ್ ಸೆನ್ಸರ್ ತಾನೇ ಬಿಸಿಯಾಗಿ 65 ಡಿಗ್ರಿ ತೋರಿಸುತ್ತದೆ, ಒಳಗೆ ಬರುವ ಗಾಳಿ ಅಷ್ಟು ಬಿಸಿ ಇರುವುದಿಲ್ಲ. ಇಸಿಯು ಸೆನ್ಸರನ್ನು ನಂಬಿ ಪೆಟ್ರೋಲ್ ಕಡಿಮೆ ಮಾಡುತ್ತದೆ, ಎಂಜಿನ್ ಹೊತ್ತಿಕೊಂಡು ಕೆಮ್ಮಿ ಆರುತ್ತದೆ. ಸೆನ್ಸರನ್ನು ಪ್ಲೀನಮ್ಮಿನ (ಇನ್‌ಟೇಕಿನ ಗಾಳಿ ಡಬ್ಬಿ) ಲೋಹದಿಂದ ತೆಗೆದು ಏರ್ ಫಿಲ್ಟರ್ ಕಡೆ ಕೂರಿಸಿ, 50 ಡಿಗ್ರಿ ಮೇಲಿನ ತಿದ್ದುಪಡಿಯನ್ನು ಮಟ್ಟಸ ಮಾಡಿ, ಬಿಸಿ ಎಂಜಿನ್ನಿಗೂ ಸ್ಟಾರ್ಟ್ ಆದ ಕೆಲವು ಸೆಕೆಂಡ್ 5ರಿಂದ 10 ಶೇಕಡಾ ಹೆಚ್ಚು ಪೆಟ್ರೋಲ್ ಬಿಡಿ. ಟ್ರ್ಯಾಕಿಗೆ ಹೋಗುವ ಮುಂಚೆ ಹತ್ತು ಸಲ ಆರಿಸಿ, ಮೂರು ನಿಮಿಷ ಬಿಟ್ಟು ಹೊತ್ತಿಸಿ. ಹತ್ತಕ್ಕೆ ಹತ್ತೂ ಬರಬೇಕು, ಒಂಬತ್ತು ಬಂದರೆ ಫೇಲು.

ವೈಡ್‌ಬ್ಯಾಂಡ್ ಸೆನ್ಸರ್ (ಎಕ್ಸಾಸ್ಟಿನ ಆಮ್ಲಜನಕ ಅಳೆಯುವುದು) ತನ್ನ ಹೀಟರಿಗೆ ಕರೆಂಟ್ ಇಲ್ಲದೆ ಎಕ್ಸಾಸ್ಟಿನಲ್ಲಿ ಕೂತು ಎಂಜಿನ್ ಓಡಿದರೆ ಮಸಿ ಹಿಡಿದು ಹಾಳಾಗುತ್ತದೆ. ಬೇಡವಾದರೆ ಬಿಚ್ಚಿ ಬೋಲ್ಟ್ ಹಾಕಿ ಮುಚ್ಚಿ. ಇನ್ನು ಎಂಡ್ಯೂರೆನ್ಸಿಗೆ ಇಗ್ನಿಷನ್ ಎರಡು ಮೂರು ಡಿಗ್ರಿ ಹಿಂದೆ ಇಡಿ. ಆಯಿಲ್ ಪ್ರೆಷರ್ ಬಿದ್ದರೆ, ಕೂಲೆಂಟ್ ಕುದಿದರೆ ಎಂಜಿನ್ನಿನ ಶಕ್ತಿ ತಾನೇ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ರಕ್ಷಣೆ ಆನ್ ಇರಲಿ. ಎಂಜಿನ್ ಉಳಿಸಿದ ಇಸಿಯು ಅಂತ ಲಾಗ್ ಸಮೇತ ತೋರಿಸಿದರೆ ಅದಕ್ಕಿಂತ ದೊಡ್ಡ ಜಾಹೀರಾತಿಲ್ಲ.

ಫರ್ಮ್‌ವೇರ್ ಬರೆಯುವವರು

ನನ್ನ ಕಡೆಯಿಂದ ಮೂರು ಮಾತು. ರೇಸಿಗೆ ಮೂರು ವಾರ ಮೊದಲು ಒಂದು ಆವೃತ್ತಿಗೆ ಟ್ಯಾಗ್ ಹಾಕಿ ಬೀಗ ಹಾಕಿ. ನಾಲ್ಕೂ ತಂಡಕ್ಕೂ ಅದೇ. ‘ನಿನ್ನೆ ರಾತ್ರಿ ಸರಿಮಾಡಿದೆ’ ಅನ್ನೋ ಫೈಲ್ ಪಿಟ್ಟಿಗೆ ಬರಕೂಡದು. ಬೀಗ ಹಾಕುವ ಮೊದಲು ಆರ್ಡುಸ್ಟಿಮ್ ಥರದ ಸಿಮ್ಯುಲೇಟರಿಂದ 36-1, 60-2 (36ರಲ್ಲಿ ಒಂದು, 60ರಲ್ಲಿ ಎರಡು ಹಲ್ಲು ಬಿಟ್ಟ ಚಕ್ರ) ಎರಡೂ ಮಾದರಿಯ ಸಿಗ್ನಲ್ ಕೊಟ್ಟು, 200ರಿಂದ 8000 ಆರ್‌ಪಿಎಂ ಏರಿಳಿಸುತ್ತಾ ಒಂದು ಗಂಟೆ ಓಡಿಸಿ. ಸಿಂಕ್ ಲಾಸ್ ಕೌಂಟರ್ ಸೊನ್ನೆ ಬಿಟ್ಟು ಕದಲಬಾರದು.

ಲೈಸೆನ್ಸ್ ಜಿಪಿಎಲ್ ಆದರೆ, ತಿದ್ದಿದ ಫರ್ಮ್‌ವೇರ್ ಹಾಕಿದ ಬೋರ್ಡನ್ನು ನೀವು ಹಂಚಿದಾಗ ಆ ಆವೃತ್ತಿಯ ಸೋರ್ಸನ್ನೂ ಕೊಡಬೇಕು. ಆದರೆ ತಂಡದವರು ತಾವೇ ತಿದ್ದಿ ತಮ್ಮದೇ ಕಾರಿನಲ್ಲಿ ಇಟ್ಟುಕೊಂಡರೆ ಯಾರಿಗೂ ತೋರಿಸಬೇಕಾಗಿಲ್ಲ, ಲೈಸೆನ್ಸ್ ಅವರನ್ನು ಹಿಡಿಯಲ್ಲ. ಅವರ ತಿದ್ದುಪಡಿ ಬೇಕಿದ್ದರೆ ಬಹುಮಾನದ ಷರತ್ತಿನಲ್ಲೇ ಬರೆಯಿರಿ.

ಮೂರನೆಯದು ಎಲೆಕ್ಟ್ರಾನಿಕ್ ಥ್ರಾಟಲ್, ಅಂದರೆ ಪೆಡಲಿನಿಂದ ಕೇಬಲ್ ಇಲ್ಲದೆ ಇಸಿಯುವೇ ತೆರೆದು ಮುಚ್ಚುವ ಥ್ರಾಟಲ್. ಮೊದಲ ವರ್ಷ ಕೇಬಲ್ ಥ್ರಾಟಲ್ ಕಾರಿಗೆ ಮಾತ್ರ ಬಹುಮಾನ ಇಡಿ.

ಟ್ಯೂನಿಂಗ್ ಮಾಡುವವರು

ಇದು ಅತಿಯಾಯಿತು. ಈಗಿನ ಎಷ್ಟೋ ಎಂಜಿನ್ನಿಗೆ ಕೇಬಲ್ಲೇ ಇಲ್ಲ, ಅವರೆಲ್ಲ ಹೊರಗೇನು?

ಫರ್ಮ್‌ವೇರ್ ಬರೆಯುವವರು

ಹೊರಗೇ. ಫಾರ್ಮುಲಾ ನಿಯಮದಲ್ಲೇ ಪೆಡಲಿಗೆ ಎರಡು ಸೆನ್ಸರ್ ಬೇಕು, ಎರಡರ ನಡುವೆ 10 ಶೇಕಡಾಕ್ಕಿಂತ ಹೆಚ್ಚು ವ್ಯತ್ಯಾಸ 100 ಮಿಲಿ ಸೆಕೆಂಡ್ ಉಳಿದರೆ ಪವರ್ ಕಟ್ ಆಗಬೇಕು. ಒಂದು ಸೆನ್ಸರ್ ತಂತಿ ಕಿತ್ತು, ಅರ್ತಿಗೆ ತಾಗಿಸಿ, 5 ವೋಲ್ಟಿಗೆ ತಾಗಿಸಿ, ಹೀಗೆ ಪ್ರತಿಯೊಂದನ್ನೂ ಪರೀಕ್ಷಿಸಿದ ದಾಖಲೆ ಬೋರ್ಡಿಗೆ ಇದ್ದರೆ ಬಿಡಿ. ಇಲ್ಲದಿದ್ದರೆ ಥ್ರಾಟಲ್ ತೆರೆದೇ ಉಳಿದ ಒಂದು ಕಾರು ಸಾಕು, ಪ್ರಾಜೆಕ್ಟ್ ಮುಳುಗಲು.

ಕೇಳಿದವರು

ಎಲ್ಲ ಸೇರಿಸಿ ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿ: ‘ನಾಲ್ಕು ತಂಡ, ಕೇಬಲ್ ಥ್ರಾಟಲ್ ಮಾತ್ರ. ಫರ್ಮ್‌ವೇರ್ ರೇಸಿನ ಟ್ಯಾಗ್ ಆವೃತ್ತಿಯೇ, ತಿದ್ದಿದರೆ ಮೂರು ವಾರ ಮೊದಲು ಸೋರ್ಸ್ ಸಮೇತ ತೋರಿಸಬೇಕು. ಬಾವುಟ ಬೀಳುವಾಗ ತನ್ನ ಶಕ್ತಿಯಲ್ಲೇ ಓಡುತ್ತಿದ್ದು, ಟ್ಯೂನ್, ವೈರಿಂಗ್ ಚಿತ್ರ, ಪೂರ್ತಿ ಲಾಗ್ 15 ದಿನದೊಳಗೆ ಪ್ರಕಟಿಸಿದ ಪ್ರತಿ ತಂಡಕ್ಕೂ ಬೋರ್ಡ್ ಸ್ವಂತ. ನಿಂತ ಕಾರಿನವರೂ ಕಾರಣ ಸಮೇತ ಲಾಗ್ ಕೊಟ್ಟರೆ ಬೋರ್ಡ್ ಇಟ್ಟುಕೊಳ್ಳಬಹುದು.’

ಟ್ಯೂನಿಂಗ್ ಮಾಡುವವರು

ಕೊನೆಯ ಸಾಲು ಚೆನ್ನಾಗಿದೆ, ನಿಂತ ಕಾರಿನ ಲಾಗೇ ನಿಮಗೆ ಹೆಚ್ಚು ಕೆಲಸಕ್ಕೆ ಬರುವುದು. ಆದರೆ ‘ಪೂರ್ತಿ ಲಾಗ್’ ಅಂತ ಬಿಟ್ಟರೆ ಜಗಳ. ಸೆಕೆಂಡಿಗೆ 20 ಸಾಲು, ಅದರಲ್ಲಿ ಆರ್‌ಪಿಎಂ, ಮ್ಯಾಪ್ ಪ್ರೆಷರ್ (ಇನ್‌ಟೇಕಿನ ಒತ್ತಡ), ಎಎಫ್‌ಆರ್ (ಗಾಳಿ-ಪೆಟ್ರೋಲ್ ಪ್ರಮಾಣ), ವೋಲ್ಟೇಜ್, ಕೂಲೆಂಟ್, ಸಿಂಕ್ ಲಾಸ್ ಕೌಂಟರ್ ಇರಲೇಬೇಕು ಅಂತ ಬರೆಯಿರಿ. ಸಾಲಿಗೆ 100 ಬೈಟ್ ಹಿಡಿದರೂ 14 ಗಂಟೆಯ ಲಾಗಿಗೆ ಬರೀ 100 ಎಂಬಿ, ಯಾವ ಎಸ್‌ಡಿ ಕಾರ್ಡಾದರೂ ಸಾಕು. ಲ್ಯಾಪ್‌ಟಾಪ್ ಕಟ್ಟಿಕೊಂಡು ಲಾಗ್ ಮಾಡುವುದು ಬೇಡ, ಇಗ್ನಿಷನ್ ಗದ್ದಲಕ್ಕೆ ಯುಎಸ್‌ಬಿ ಸಂಪರ್ಕ ಕಡಿದುಹೋಗುತ್ತದೆ. ಕಾರ್ಡ್ ಅಲುಗಾಟಕ್ಕೆ ಎದ್ದು ಬರದಂತೆ ಮೇಲೆ ಟೇಪ್ ಹಾಕಿಸಿ. ಫೈಲನ್ನು ಪ್ರತಿ ಹತ್ತು ನಿಮಿಷಕ್ಕೆ ಮುಚ್ಚಿ ಹೊಸದು ತೆರೆಯುವಂತೆ ಫರ್ಮ್‌ವೇರಿನಲ್ಲೇ ಮಾಡಿ, ಇಲ್ಲದಿದ್ದರೆ ಯಾರೋ ಕಿಲ್ ಸ್ವಿಚ್ ಒತ್ತಿದ ಗಳಿಗೆಯಲ್ಲಿ ಇಡೀ ದಿನದ ಲಾಗ್ ಹೋಗಿಬಿಡುತ್ತದೆ.