ಏಪ್ರಿಲ್ ಬಂದರೆ ಬಾವಿ ನೀರು ಉಪ್ಪು: ಬೋರ್ ಹೊಡೆಸಬೇಕೋ, ಟ್ಯಾಂಕ್ ಕಟ್ಟಬೇಕೋ?

ಪ್ರಶ್ನೆ (ಕುಮಟಾ ತಾಲೂಕು, ಅಘನಾಶಿನಿ ಅಳಿವೆಯ ಹತ್ತಿರದ ಕೇರಿ):
ನಮಸ್ಕಾರ ಸರ್. ನಮ್ಮ ಕೇರಿಯಲ್ಲಿ ಸುಮಾರು 250 ಜನ ಇದ್ದೇವೆ. ಗಜನಿಗಿಂತ (ಅಳಿವೆಯ ಉಪ್ಪುನೀರು ಬರುವ ತಗ್ಗು ಗದ್ದೆ) ಸ್ವಲ್ಪ ಮೇಲೆ ಚಿರೆಕಲ್ಲು ಕಟ್ಟಿದ ಬಾವಿ, ಅದಕ್ಕೆ 5 ಎಚ್‌ಪಿ ಮೋಟಾರು, 10 ಸಾವಿರ ಲೀಟರಿನ ಟ್ಯಾಂಕು. ಏಪ್ರಿಲ್ ಹೊತ್ತಿಗೆ ನೀರು ಉಪ್ಪಾಗಿ ಬೇಳೆಯೂ ಬೇಯುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ಮೂರು ದಿನ ಪತ್ತೆಯಿಲ್ಲ. ವಂತಿಗೆ ಎತ್ತಿದ್ದೇವೆ, ಹೆಚ್ಚಿನವರು ಬೋರ್ ಹೊಡೆಸೋಣ ಅನ್ನುತ್ತಿದ್ದಾರೆ.

ಉತ್ತರ (ಗ್ರಾಮೀಣ ಕುಡಿಯುವ ನೀರಿನ ಎಂಜಿನಿಯರ್):
ದಯವಿಟ್ಟು ಬೋರಿಗೆ ದುಡ್ಡು ಸುರಿಯಬೇಡಿ. ಅಳಿವೆ ಪಕ್ಕದ ನೆಲದಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಮುದ್ರಮಟ್ಟಕ್ಕಿಂತ ಮೇಲೆ 1 ಅಡಿ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಅಡಿ ಇರುತ್ತದೆ ಎಂಬುದು ಲೆಕ್ಕ. ಮೇಲಿನ ಆ ಒಂದಡಿ ಕಳೆದುಕೊಂಡರೆ ಕೆಳಗಿನ ಉಪ್ಪು ಆ 40 ಅಡಿಯಷ್ಟೂ ಮೇಲೇರುತ್ತದೆ. ಆಳಕ್ಕೆ ಕೊರೆದಷ್ಟೂ ಉಪ್ಪಿಗೇ ಹತ್ತಿರ.

ನಿಮ್ಮ ಮೋಟಾರು ಬಾವಿಯ ತಳ ಕಾಣುವಂತೆ ಒಮ್ಮೆಗೇ ಎಳೆಯುತ್ತಿರಬೇಕು. 1 ಎಚ್‌ಪಿ ಮೋಟಾರು ಹಾಕಿ, ಫುಟ್‌ವಾಲ್ವ್ (ನೀರೆಳೆಯುವ ಪೈಪಿನ ತುದಿಯ ವಾಲ್ವ್) ಬಾವಿಯ ತಳದಿಂದ ಮೇಲೆತ್ತಿ, ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವೇ ಎಳೆಯಿರಿ. ಫೆಬ್ರುವರಿಯಿಂದ ವಾರಕ್ಕೊಮ್ಮೆ ಟಿಡಿಎಸ್ (ನೀರಿನಲ್ಲಿ ಕರಗಿದ ಉಪ್ಪು, ಖನಿಜಗಳ ಪ್ರಮಾಣ) ಮೀಟರಿನಲ್ಲಿ ನೋಡಿ ಪುಸ್ತಕದಲ್ಲಿ ಬರೆದಿಡಿ. 500 ದಾಟಿ ಏರುತ್ತ ಹೋದರೆ ಎಳೆಯುವುದನ್ನು ಇನ್ನೂ ಕಡಿಮೆ ಮಾಡಿ.

ವಂತಿಗೆ ದುಡ್ಡು ಟ್ಯಾಂಕಿಗೇ ಹೋಗಲಿ. ಜಲಜೀವನ್ ಮಿಷನ್ ಪ್ರಕಾರ ತಲೆಗೆ ದಿನಕ್ಕೆ 55 ಲೀಟರ್, ಅಂದರೆ ನಿಮಗೆ 13,750. ಈಗಿನ ಟ್ಯಾಂಕು ಒಂದು ದಿನಕ್ಕೂ ಸಾಲದು. ಆಪತ್ತಿನ ದಿನಕ್ಕೆ ತಲೆಗೆ 15 ಲೀಟರ್ ಹಿಡಿದರೆ ಮೂರು ದಿನಕ್ಕೆ 11,250. ಹಳೆಯದರ ಪಕ್ಕ 15 ಸಾವಿರದ ಟ್ಯಾಂಕು ಕಟ್ಟಿ ಎರಡನ್ನೂ ಜೋಡಿಸಿದರೆ ಎರಡೂ ಲೆಕ್ಕಕ್ಕೆ ಸರಿಯಾಗುತ್ತದೆ. ದಿನಬಳಕೆಯ ಪೈಪನ್ನು ಆ ಮೂರು ದಿನದ ನೀರಿನ ಮಟ್ಟಕ್ಕಿಂತ ಮೇಲೆ ಕೊಡಿ. ಟ್ಯಾಂಕಿನ ತಳದ ವಾಲ್ವಿಗೆ ಬೀಗ ಹಾಕಿ, ಕೀಲಿ ನೀರುಗಂಟಿಯ ಹತ್ತಿರ ಇರಲಿ. ನೀರು ತುಂಬುವ ಪೈಪನ್ನು ಮಾತ್ರ ತಳದವರೆಗೆ ಇಳಿಸಿ, ಇಲ್ಲವಾದರೆ ಅಡಿಯ ನೀರು ನಿಂತು ಹಳಸುತ್ತದೆ.

ಬಾಡಿಗೆ ಜನರೇಟರ್ ತರುವುದಾದರೆ ಚೇಂಜ್‌ಓವರ್ ಸ್ವಿಚ್ (ಕಂಬದ ಲೈನು ಇಲ್ಲವೇ ಜನರೇಟರ್, ಒಂದನ್ನೇ ಜೋಡಿಸುವ ಸ್ವಿಚ್) ಇಲ್ಲದೆ ಜೋಡಿಸಲೇಬೇಡಿ. ಕರೆಂಟು ತಂತಿಗೆ ವಾಪಸ್ ಹರಿದು ಕಂಬ ಹತ್ತಿದ ಲೈನ್‌ಮನ್ ಜೀವ ಹೋಗುತ್ತದೆ.

ಇನ್ನೊಬ್ಬರ ಪ್ರಶ್ನೆ (ಅಂಕೋಲಾ, ಗಂಗಾವಳಿ ದಂಡೆ):
2019ರ ಆಗಸ್ಟ್ ನೆರೆಯಲ್ಲಿ ನಮ್ಮ ಬಾವಿಗೇ ಹೊಳೆನೀರು ನುಗ್ಗಿತ್ತು. ಮತ್ತೆ ಹಾಗಾದರೆ ಬ್ಲೀಚಿಂಗ್ ಎಷ್ಟು ಹಾಕಬೇಕು ಸರ್?

ಉತ್ತರ:
ಮೊದಲು ಕೆಸರು ತೆಗೆಯಬೇಕು, ರಾಡಿ ನೀರಿನಲ್ಲಿ ಕ್ಲೋರಿನ್ ಕೆಲಸ ಮಾಡುವುದಿಲ್ಲ. ಆದರೆ ನೆಲ ನೀರು ಕುಡಿದಿರುವಾಗ ಬಾವಿಯನ್ನು ಒಂದೇ ಸಲ ಬರಿದು ಮಾಡಿದರೆ ಗೋಡೆ ಕುಸಿದೀತು, ಸಾವಕಾಶ ಮಾಡಿ.

ಸಾಮಾನ್ಯ ದಿನಗಳಲ್ಲಿ 1,000 ಲೀಟರಿಗೆ ಎರಡೂವರೆ ಗ್ರಾಂ. 3 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 21 ಸಾವಿರ ಲೀಟರ್, ಅದಕ್ಕೆ 53 ಗ್ರಾಂ. ನೆರೆಯ ನಂತರ ಇದರ ಎರಡು ಪಟ್ಟು ಹಾಕಿ. ಪುಡಿಯನ್ನು ನೇರ ಸುರಿಯಬಾರದು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬಾವಿಗೆ ಹಾಕಿ, ಕೊಡ ಇಳಿಸಿ ಚೆನ್ನಾಗಿ ಕದಡಿ. ಒಂದು ಗಂಟೆ ಬಿಟ್ಟು ಪಂಚಾಯಿತಿಯ ಕಿಟ್‌ನಲ್ಲಿ ಪರೀಕ್ಷಿಸಿ. ಕ್ಲೋರಿನ್ ಲೀಟರಿಗೆ 0.5 ಮಿಲಿಗ್ರಾಂ ಸಿಕ್ಕರೆ ಸರಿ, ಸಿಗದಿದ್ದರೆ ಮತ್ತೆ ಹಾಕಿ. ಬಾಯಿ ಬಿಚ್ಚಿಟ್ಟ ಹಳೇ ಚೀಲದ ಪುಡಿಗೆ ಶಕ್ತಿ ಇರುವುದಿಲ್ಲ. ನೀರಿನಲ್ಲಿ ಡೀಸೆಲ್ಲಿನದೋ ಗದ್ದೆಯ ಔಷಧಿಯದೋ ವಾಸನೆ ಬಂದರೆ ಬ್ಲೀಚಿಂಗಿನಿಂದಲೂ ಕುದಿಸುವುದರಿಂದಲೂ ಹೋಗದು, ಆ ಬಾವಿಯನ್ನು ಬಿಟ್ಟು ಟ್ಯಾಂಕರ್ ತರಿಸಿ.